ಹಳೇ ಫೋಟೋದಲ್ಲಿರುವ ಕಾರು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಇಂಗ್ಲೆಂಡಿನ ಹಳೇ ಟೂರರ್ ಕಾರುಗಳೆಂದರೆ ನನಗೆ ಪ್ರಾಣ. ಮಡಚುವ ಬಟ್ಟೆಯ ಟಾಪು, ಪಕ್ಕಕ್ಕೆ ಗಾಜಿಲ್ಲ, ಮನೆಮಂದಿ ಕೂರುವಷ್ಟು ಜಾಗ. ಇದು ಗೊತ್ತಿರುವವರೆಲ್ಲ ಫೋಟೋ ಕಳಿಸಿ ಕೇಳುತ್ತಾರೆ: "ಇದು ಯಾವ ಕಾರು? ಹೇಗೆ ಕಂಡುಹಿಡಿಯುತ್ತೀರಿ?"

ಮೊದಲು ಬಾಡಿಯನ್ನು ಮರೆತುಬಿಡಿ. ಆಗ ಎಷ್ಟೋ ಕಂಪನಿಗಳು ಬರೀ ಚಾಸಿ, ಅಂದರೆ ಎಂಜಿನ್, ಚಕ್ರ ಇರುವ ಚೌಕಟ್ಟು ಮಾರುತ್ತಿದ್ದವು, ಬಾಡಿ ಕಟ್ಟುವವರೇ ಬೇರೆ. ಹಾಗಾಗಿ ಬೇರೆ ಬೇರೆ ಕಂಪನಿಯ ಕಾರುಗಳು ಅಕ್ಕತಂಗಿಯರ ಹಾಗೆ ಕಾಣುತ್ತವೆ. ನೋಡಬೇಕಾದ್ದು ರೇಡಿಯೇಟರ್, ಅಂದರೆ ಕಾರಿನ ಮೂತಿಯಲ್ಲಿರುವ, ಎಂಜಿನ್ ತಣಿಸುವ ಭಾಗ. ಅದರ ತಲೆಯ ಮೇಲೆ ಸಾಲು ಗೀರುಗಳಿದ್ದರೆ ಡೈಮ್ಲರ್ ಇರಬಹುದು. ಬಾನೆಟ್ಟಿನ ಉದ್ದಕ್ಕೂ ಎರಡು ತೋಡು ಹರಿದಿದ್ದರೆ ವಾಕ್ಸಾಲ್. ರೇಡಿಯೇಟರ್ ದುಂಡಗೆ ಉಬ್ಬಿದ್ದರೆ ಹೆಚ್ಚಾಗಿ ಮಾರಿಸ್. ಅದನ್ನು 'ಬುಲ್‌ನೋಸ್' (ಗೂಳಿಯ ಮೂಗು) ಅಂತಲೇ ಕರೆಯುತ್ತಾರೆ. 1913ರಿಂದ 1926ರವರೆಗೆ ಆ ಆಕಾರ ಇತ್ತು, ಆಮೇಲೆ ಚಪ್ಪಟೆಯಾಯಿತು.

ಕಷ್ಟ ಏನೆಂದರೆ, ಫೋಟೋಗೆ ಜನ ನಿಲ್ಲುವುದು ರೇಡಿಯೇಟರ್ ಮುಂದೆಯೇ. ಸ್ನೇಹಿತರೊಬ್ಬರು ಕಳಿಸಿದ ಚಿತ್ರದಲ್ಲಿ ಸಮುದ್ರದ ದಡ, ಉದ್ದ ಕೋಟು ಹಾಕಿದ ಹೆಂಗಸು, ಅವರ ಹಿಂದೆ ಕಾರಿನ ಮುಖ ಪೂರ್ತಿ ಮರೆ. ನಾನು ಚಕ್ರ ನೋಡಿದೆ. ಮುಂದಿನ ಚಕ್ರಗಳಲ್ಲಿ ಬ್ರೇಕ್ ಡ್ರಮ್ ಇಲ್ಲ. ಸಾಮಾನ್ಯ ಬ್ರಿಟಿಷ್ ಕಾರುಗಳಿಗೆ ಮುಂದಿನ ಬ್ರೇಕ್ ಬಂದದ್ದು 1920ರ ದಶಕದ ನಡುವಿನಲ್ಲಿ. ವಿಂಡ್‌ಸ್ಕ್ರೀನ್ ಪಕ್ಕ ದುಂಡನೆ ಚೀಟಿ ಇದೆ. ಅದು ತೆರಿಗೆ ಚೀಟಿ, ಶುರುವಾದದ್ದು 1921ರ ಜನವರಿಯಲ್ಲಿ. ಅಲ್ಲಿಗೆ ಹುಡುಕಾಟ ಐದಾರು ವರ್ಷಕ್ಕೆ ಇಳಿಯಿತು! ಆಮೇಲೆ ಭೂತಗನ್ನಡಿ ಹಿಡಿದು ಆ ಹೆಂಗಸಿನ ಮೊಣಕೈ ಪಕ್ಕ ನೋಡಿದೆ. ಉಬ್ಬಿದ ಲೋಹದ ಒಂದು ಅಂಚು ಹೊಳೆಯುತ್ತಿತ್ತು. ಬುಲ್‌ನೋಸ್ ಮಾರಿಸ್. ಆ ಖುಷಿ ಇವತ್ತಿಗೂ ನೆನಪಿದೆ.

ನಂಬರ್ ಪ್ಲೇಟು ಕಂಡರೆ ಇನ್ನೂ ಒಳ್ಳೇದು. 1932ರವರೆಗೆ ಅಲ್ಲಿ ಒಂದೋ ಎರಡೋ ಅಕ್ಷರ, ಮುಂದೆ ಹೆಚ್ಚೆಂದರೆ ನಾಲ್ಕು ಅಂಕಿ. ಅಕ್ಷರ ನೋಂದಣಿಯಾದ ಜಿಲ್ಲೆಯನ್ನೋ ಊರನ್ನೋ ಹೇಳುತ್ತದೆ: 'ಎಫ್' ಎಸೆಕ್ಸ್, 'ಪಿ' ಸರ್ರೆ, 'ಒಎಲ್' ಬರ್ಮಿಂಗ್‌ಹ್ಯಾಮ್. ಕೆಲವು ಕಡೆ ಹಳೇ ನೋಂದಣಿ ಪುಸ್ತಕಗಳು ಇನ್ನೂ ಉಳಿದಿವೆ, ಕಾರಿನ ಹೆಸರು ಅದರಲ್ಲೇ ಸಿಗಬಹುದು. ಸ್ಟೀರಿಂಗ್ ಬಲಕ್ಕಿದೆ, ಹಾಗಾಗಿ ಬ್ರಿಟಿಷ್ ಕಂಪನಿಯ ಕಾರೇ ಅಂತ ಮಾತ್ರ ನೆಚ್ಚಿಕೊಳ್ಳಬೇಡಿ. ಮ್ಯಾಂಚೆಸ್ಟರಿನಲ್ಲಿ ತಯಾರಾದ ಅಮೆರಿಕದ ಫೋರ್ಡಿಗೂ ಸ್ಟೀರಿಂಗ್ ಬಲಕ್ಕೇ ಇತ್ತು.

ಫೋಟೋ ಕಳಿಸುವವರಲ್ಲಿ ಒಂದು ಕೋರಿಕೆ. ಇಡೀ ಚಿತ್ರ ಸ್ಕ್ಯಾನ್ ಮಾಡಿ, ಹಿಂಬದಿಯನ್ನೂ ಮಾಡಿ. ಮೊನ್ನೆ ಒಬ್ಬರು ಅಜ್ಜನ ಮುಖ ದೊಡ್ಡದಾಗಿ ಕಾಣಲಿ ಅಂತ ಕೆಳಗಿನ ಅರ್ಧ ಕತ್ತರಿಸಿ ಕಳಿಸಿದ್ದರು. ಚಕ್ರ, ನಂಬರ್ ಪ್ಲೇಟು ಎರಡೂ ಅದರಲ್ಲೇ ಹೋಗಿದ್ದವು.