ಅಲ್ಲಿ ಧರ್ಮ ಬದಲಿಸು ಅನ್ನಲಿಲ್ಲೇನ್ರಿ?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ ಇರಲಿ, ಮದುವೆ ಊಟದ ಸಾಲಿನಲ್ಲಿರಲಿ, ಪಿಯುಸಿ ಓದುವ ಮಕ್ಕಳ ಅಪ್ಪ-ಅಮ್ಮ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ‘ಅಕ್ಕಾರ, ನೀವು ಓದಿದ್ದು ಕ್ರಿಶ್ಚಿಯನ್ ಯೂನಿವರ್ಸಿಟಿ ಅಲ್ರೀ? ಅಲ್ಲಿ ಧರ್ಮ ಬದಲಿಸು ಅನ್ನಲಿಲ್ಲೇನ್ರಿ?’

ಇಲ್ಲ. ಯಾರೂ ಅನ್ನಲಿಲ್ಲ.

ಕೆಲವರು ಬೆಂಗಳೂರಿನ ಕ್ರೈಸ್ಟ್ ಯೂನಿವರ್ಸಿಟಿ ಅಂದುಕೊಳ್ಳುತ್ತಾರೆ. ಅದು ಸಾವಿರಾರು ಮಕ್ಕಳಿರುವ ಜಾಗ. ನಾನು ಓದಿದ್ದು ಹೊರರಾಜ್ಯದ ಒಂದು ಪುಟ್ಟ ಖಾಸಗಿ ವಿಶ್ವವಿದ್ಯಾಲಯ. ನಮ್ಮ ಬಿಎ ತರಗತಿಯಲ್ಲಿದ್ದವರು 22 ಜನ.

ಬುಧವಾರ ಬೆಳಿಗ್ಗೆ ಚಾಪೆಲ್ ಇರುತ್ತಿತ್ತು. ಒಂದು ಹಾಡು, ಒಂದು ಪ್ರಾರ್ಥನೆ, 20 ನಿಮಿಷ. ಮೊದಲ ವಾರ ಹಣೆಯ ವಿಭೂತಿ ಒರೆಸಿಕೊಂಡು ಹೋಗಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಸುಮ್ನೆ ಹೆದರಿದ್ದೆ. ಎರಡನೇ ವಾರ ಮರೆತು ಹಾಗೇ ಹೋದೆ. ವಾರ್ಡನ್ ಸಿಸ್ಟರ್ ನೋಡಿ, ಇದನ್ನ ಯಾವುದರಿಂದ ಮಾಡ್ತಾರೆ ಅಂತ ಕೇಳಿದರು. ಸಗಣಿ ಸುಟ್ಟು ಮಾಡ್ತಾರೆ ಅಂದೆ. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ‘ಬೂದಿ ಬುಧವಾರ’ ಅವರು ಹಣೆಗೆ ಹಚ್ಚುವ ಬೂದಿ, ಹಿಂದಿನ ವರ್ಷದ ‘ಗರಿಗಳ ಭಾನುವಾರ’ದ (ಪಾಮ್ ಸಂಡೇ) ಗರಿ ಸುಟ್ಟದ್ದಂತೆ. ಅವತ್ತು ಅರ್ಧ ಗಂಟೆ ಬೂದಿ ಬಗ್ಗೆಯೇ ಮಾತಾಡಿದೆವು.

ಸರ್ಕಾರದ ಮಾನ್ಯತೆ ಇರುವ ಅಥವಾ ಅನುದಾನ ಪಡೆಯುವ ಸಂಸ್ಥೆ ಪ್ರಾರ್ಥನೆಗೆ ಬಾ ಅಂತ ಬಲವಂತ ಮಾಡುವಂತಿಲ್ಲ. ಸಂವಿಧಾನದ 28(3)ನೇ ವಿಧಿ ಹಾಗೆ ಹೇಳುತ್ತದೆ. ಇದನ್ನು ನನಗೆ ರಾಜ್ಯಶಾಸ್ತ್ರದ ಪಾಠದಲ್ಲಿ ಹೇಳಿಕೊಟ್ಟವರು ಒಬ್ಬ ಫಾದರ್!

ನನ್ನನ್ನು ಕಾಡಿದ್ದು ಧರ್ಮ ಅಲ್ಲ, ಆ ಜಾಗ ತೀರಾ ಚಿಕ್ಕದಾಗಿದ್ದದ್ದು. ಅಲ್ಲಿ ಅಡಗಿಕೊಳ್ಳಲು ಮೂಲೆಯೇ ಇಲ್ಲ. ಒಮ್ಮೆ ಹೊಟ್ಟೆನೋವು ಅಂತ ಸುಳ್ಳು ಹೇಳಿ ಶರಣಬಸವೇಶ್ವರ ಜಾತ್ರೆಗೆ ಬಂದಿದ್ದೆ. ವಾಪಸ್ ಹೋದಾಗ ಮೇಡಂ ಕೇಳಿದ್ದು, ‘ತೇರು ಚೆನ್ನಾಗಿತ್ತಾ?’ ಅಪ್ಪ ಹಾಸ್ಟೆಲ್‌ಗೆ ಫೋನ್ ಮಾಡಿ ಮಗಳು ಜಾತ್ರೆಗೆ ಊರು ತಲುಪಿದಳು ಅಂತ ಹೇಳಿಬಿಟ್ಟಿದ್ದರು. ಅದೇ ಮೇಡಂ ಕನ್ನಡ ಮೀಡಿಯಂನ ನನ್ನ ಇಂಗ್ಲಿಷ್ ಪ್ರಬಂಧಗಳನ್ನು ವರ್ಷಪೂರ್ತಿ ಸಂಜೆ ಕೂತು ಸಾಲು ಸಾಲಾಗಿ ತಿದ್ದಿದರು. 200 ಜನರ ತರಗತಿಯಲ್ಲಿ ಅದು ಆಗ್ತಿತ್ತಾ? ನನಗನ್ನಿಸಲ್ಲ.

ಆದರೆ ಸೈಕಾಲಜಿ ಓದಬೇಕು ಅಂತ ಹೋದವಳಿಗೆ ಅದು ಸಿಗಲಿಲ್ಲ. ಆರಿಸಿಕೊಂಡವರು ನಾವು ನಾಲ್ಕೇ ಜನ, ಅದಕ್ಕೆ ಆ ಪೇಪರ್ ನಡೆಸಲೇ ಇಲ್ಲ. ಎರಡನೇ ವರ್ಷ ಇತಿಹಾಸದ ಸರ್ ಕೆಲಸ ಬಿಟ್ಟರು. ಇದ್ದವರು ಅವರೊಬ್ಬರೇ. ಮೂರು ತಿಂಗಳು ಪಾಠ ಇಲ್ಲ, ಫೀಸ್ ಮಾತ್ರ ಪೂರ್ತಿ ಕಟ್ಟಿದೆವು. ಇನ್ನೊಂದು, ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ ನಮ್ಮ 371(ಜೆ) ಸರ್ಟಿಫಿಕೇಟ್ ರಾಜ್ಯದ ಗಡಿ ದಾಟಿದರೆ ಬರೀ ಕಾಗದ. ನಾನು ಲ್ಯಾಮಿನೇಷನ್ ಬೇರೆ ಮಾಡಿಸಿಕೊಂಡು ಹೋಗಿದ್ದೆ.

ಹಾಗಾಗಿ ಈಗ ಕೇಳಿದವರಿಗೆಲ್ಲ ಒಂದೇ ಹೇಳ್ತೀನಿ. ಚಾಪೆಲ್ ವಿಷಯ ಬಿಡ್ರಿ, ಹೋದ ವರ್ಷ ಎಷ್ಟು ಜನ ಮೇಷ್ಟ್ರು ಬಿಟ್ಟು ಹೋದರು ಅಂತ ಆಫೀಸಿನಲ್ಲಿ ಕೇಳ್ರಿ. ನಮ್ಮ ಓಣಿಯ ಒಬ್ಬ ಕಾಕಾ ಇಂಥದ್ದೇ ಒಂದು ಸಣ್ಣ ಕಾಲೇಜಿಗೆ ಹೋಗಿ ಹಾಗೇ ಕೇಳಿದರಂತೆ. ಒಳಗಿನಿಂದ ಚಹಾ ಬಂತಂತೆ, ಉತ್ತರ ಬರಲಿಲ್ಲವಂತೆ.