ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸ್ಬೇಡಿ

ನಮ್ಮ ಗೋಣಿಕೊಪ್ಪದ ಕಡೆ ಈಗ ಯಾರ ಮನೇಲಿ ಕೂತ್ರೂ ಮಾತು ಸುತ್ತಿ ಬಳಸಿ ಮಕ್ಕಳ ವಿಷಯಕ್ಕೇ ಬರುತ್ತೆ, ಬೆಂಗಳೂರಲ್ಲೋ ಮೈಸೂರಲ್ಲೋ ಓದ್ತಿರೋ ಹುಡುಗ ರಜೆಗೆ ಬಂದವನು ರೂಮಿಂದ ಹೊರಗೆ ಬರಲ್ಲ, ಊಟ ಸೇರಲ್ಲ, ತೋಟದ ಕಡೆ ತಲೆ ಹಾಕಲ್ಲ, ದುಡ್ಡು ಮಾತ್ರ ಕೇಳ್ತಾನೆ. ಅಪ್ಪ ಅಮ್ಮನಿಗೆ ಡ್ರಗ್ಸ್ ಚಟದ ಅನುಮಾನ ಬಂದಿರುತ್ತೆ, ಆದ್ರೆ ಬಾಯಿ ಬಿಡಲ್ಲ. ಮೆಡಿಕಲ್ ಶಾಪ್ ನಡೆಸೋನಾಗಿ ನನಗೆ ಇದು ಸ್ವಲ್ಪ ಬೇಗ ಗೊತ್ತಾಗುತ್ತೆ.

ಕಾಫಿ ಕುಯ್ಲಿನ ಟೈಮಲ್ಲಿ ಒಂದು ರಾತ್ರಿ ಶಟರ್ ಎಳೀಬೇಕು ಅನ್ನೋಷ್ಟರಲ್ಲಿ ಪರಿಚಯದ ಆಂಟಿ ಒಬ್ರು ಬಂದ್ರು, ಅಂಗಡೀಲಿ ಬೇರೆ ಯಾರೂ ಇಲ್ಲ ಅಂತ ನೋಡ್ಕೊಂಡು ಸೆರಗಿನೊಳಗಿಂದ ಒಂದು ಖಾಲಿ ಸ್ಟ್ರಿಪ್ ತೆಗೆದು ಕೌಂಟರ್ ಮೇಲಿಟ್ಟು "ಇದು ಏನಕ್ಕೆ ಕೊಡೋದು ಮಗಾ?" ಅಂದ್ರು. ಟ್ಯಾಪೆಂಟಡಾಲ್. ಜಾಸ್ತಿ ನೋವಿದ್ದಾಗ ಡಾಕ್ಟರ್ ಬರೆದುಕೊಡೋ ಮಾತ್ರೆ. ಇದನ್ನೇ ಪುಡಿ ಮಾಡಿ ನೀರಲ್ಲಿ ಕಲಸಿ ಸಿರಿಂಜಲ್ಲಿ ಚುಚ್ಕೊಳ್ಳೋರು ಇದ್ದಾರೆ. ನುಂಗೋ ಮಾತ್ರೆಯ ಪುಡಿ ರಕ್ತನಾಳಕ್ಕೆ ಹೋದ್ರೆ ಅಲ್ಲೇ ಕಟ್ಕೊಳ್ಳುತ್ತೆ, ಚುಚ್ಚಿದ ಜಾಗ ಕೀವಾಗುತ್ತೆ, ಒಂದೇ ಸೂಜಿ ನಾಲ್ಕು ಜನ ಹಂಚ್ಕೊಂಡ್ರೆ ಎಚ್‌ಐವಿ, ಹೆಪಟೈಟಿಸ್ ಸಿ ಬರುತ್ತೆ, ಡೋಸ್ ಜಾಸ್ತಿ ಆದ್ರೆ ಉಸಿರಾಟವೇ ನಿಧಾನ ಆಗಿ ನಿಂತುಹೋಗ್ಬಹುದು.

ಆಂಟಿ ಕೇಳಿದ್ದು, ಮಗನಿಗೆ ಗೊತ್ತಾಗದ ಹಾಗೆ ಸಾರಲ್ಲಿ ಹಾಕೋ ಔಷಧಿ ಇದೆಯಂತಲ್ಲ ಅದು ಕೊಡು ಅಂತ. ದಯವಿಟ್ಟು ಯಾರೂ ಇದನ್ನ ಮಾಡ್ಬೇಡಿ. ಆ ಪುಡಿಗಳಲ್ಲಿ ಏನಿರುತ್ತೋ ಯಾರಿಗೂ ಗೊತ್ತಿಲ್ಲ. ಕುಡಿತ ಬಿಡಿಸೋ ಡೈಸಲ್ಫಿರಾಮ್ ಮಾತ್ರೆ ಕೂಡ, ತಿಂದಿರೋದು ಗೊತ್ತಿಲ್ದೆ ಮೇಲಿಂದ ಡ್ರಿಂಕ್ಸ್ ಹಾಕಿದ್ರೆ ಜೀವಕ್ಕೇ ಅಪಾಯ. ಹಾಗೇ ರೂಮಲ್ಲಿ ಕೂಡಿಹಾಕಿ ಒಂದೇ ಸಲ ಬಿಡಿಸೋದೂ ಬೇಡ, ದಿನಾ ಜಾಸ್ತಿ ಕುಡಿಯೋರು, ನಿದ್ದೆ ಮಾತ್ರೆ ಅಭ್ಯಾಸ ಆದೋರು ದಿಢೀರ್ ನಿಲ್ಲಿಸಿದ್ರೆ ಫಿಟ್ಸ್ ಬರ್ಬಹುದು.

ಎಲ್ಲರನ್ನೂ ತಡೆಯೋದು ಒಂದೇ, ಆಸ್ಪತ್ರೆಗೆ ಹೋದ್ರೆ ಪೊಲೀಸ್ ಕೇಸ್ ಆಗುತ್ತೆ, ಊರಿಗೆಲ್ಲ ಗೊತ್ತಾಗುತ್ತೆ, ನಾಳೆ ಹೆಣ್ಣು ಕೊಡಲ್ಲ ಅನ್ನೋ ಭಯ. ಆದ್ರೆ ಡ್ರಗ್ಸ್ ಕೇಸ್ ಹಾಕೋ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಸೆಕ್ಷನ್ ಇದೆ, ಚಟಕ್ಕೆ ಬಿದ್ದವನ ಮೇಲೆ ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸ್ ಇದ್ರೂ, ಅವನೇ ಮನಸ್ಸು ಮಾಡಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೇಲಿ ಚಿಕಿತ್ಸೆ ತಗೊಂಡ್ರೆ ಆ ಕೇಸಲ್ಲಿ ವಿಚಾರಣೆಗೆ ಗುರಿಪಡಿಸೋ ಹಾಗಿಲ್ಲ. ಅರ್ಧಕ್ಕೆ ಬಿಟ್ಟು ಬಂದ್ರೆ ಮಾತ್ರ ಆ ರಕ್ಷಣೆ ಹೋಗ್ಬಹುದು. ಮಾರೋರಿಗೆ ಇದು ಅನ್ವಯ ಆಗಲ್ಲ, ಆಗಲೂಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ರೋಗಿಯ ವಿಷಯ ಗುಟ್ಟಾಗಿಡ್ಬೇಕು, ಯಾರನ್ನೂ ಸರಪಳಿಲಿ ಕಟ್ಟೋ ಹಾಗಿಲ್ಲ. ಅದಕ್ಕೇ ಹೇಳೋದು, ಹೊಡೆದು ಬುದ್ಧಿ ಕಲಿಸ್ತೀವಿ, ಮೂರು ತಿಂಗಳು ಮನೆಯವರು ನೋಡೋಕೆ ಬರ್ಬಾರದು ಅನ್ನೋ ಸೆಂಟರ್‌ಗೆ ಸೇರಿಸ್ಬೇಡಿ, ರಿಜಿಸ್ಟ್ರೇಷನ್ ಇದೆಯಾ, ಡಾಕ್ಟರ್ ಬರ್ತಾರಾ ಅಂತ ಮೊದಲು ಕೇಳಿ.

ಮಡಿಕೇರಿ ಜಿಲ್ಲಾಸ್ಪತ್ರೇಲಿ ಮನೋವೈದ್ಯರನ್ನ ನೋಡ್ಬಹುದು, ಇನ್ನೂ ಗಂಭೀರ ಅನ್ನಿಸಿದ್ರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಹೋಗೋಕೆ ಧೈರ್ಯ ಬರಲ್ವಾ, ಫೋನಲ್ಲಾದ್ರೂ ಮಾತಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇಪ್ಪತ್ನಾಲ್ಕು ಗಂಟೆ ಕನ್ನಡದಲ್ಲೇ ಸಿಗುತ್ತೆ, ವ್ಯಸನಕ್ಕೇ ಅಂತ 14446 ಇದೆ, ಎರಡೂ ಫ್ರೀ. ಮಗ ಒಪ್ಪದಿದ್ರೆ ಅಮ್ಮನೇ ಮಾಡ್ಬಹುದು, ಆಂಟಿ ಅಂಗಡೀಲೇ ಸ್ಟೂಲ್ ಮೇಲೆ ಕೂತು ಮಾಡಿದ್ರು.

ಚಿಕಿತ್ಸೆ ಮುಗಿಸಿ ಬಂದವರ ಮನೇಲಿ ಒಂದು ಗೊತ್ತಿರಲಿ. ಕೆಲವು ವಾರ ಬಿಟ್ಟಮೇಲೆ ದೇಹಕ್ಕೆ ಹಳೇ ಡೋಸ್ ತಡೆಯೋ ಶಕ್ತಿ ಇರಲ್ಲ, ಮತ್ತೆ ಅಷ್ಟೇ ತಗೊಂಡ್ರೆ ಅದೇ ಓವರ್‌ಡೋಸ್. ಎಬ್ಬಿಸಿದ್ರೆ ಏಳ್ತಿಲ್ಲ, ಗೊರಗೊರ ಅಂತ ಉಸಿರು, ತುಟಿ ನೀಲಿ ಆಗಿದೆ ಅಂದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ, ಉಸಿರಾಡ್ತಿದ್ರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಮಜ್ಜಿಗೆ ನಿಂಬೆರಸ ಏನೂ ಹಾಕ್ಬೇಡಿ, ಡಾಕ್ಟರ್ ಹತ್ರ ಏನು ತಗೊಂಡಿದ್ದ ಅನ್ನೋದನ್ನ ಮುಚ್ಚಿಡದೆ ಹೇಳಿ, ಸ್ಟ್ರಿಪ್ ಸಿಕ್ಕಿದ್ರೆ ಕೈಯಲ್ಲೇ ಹಿಡ್ಕೊಂಡು ಹೋಗಿ.