ರಿಸೀವರ್ ಹೆಸರಿಗೆಂದು ಬಿಟ್ಟಿದ್ದ ಖಾಲಿ ಜಾಗ

ಮಂಡ್ಯದಲ್ಲಿ ವಕೀಲಿಕೆ ಆರಂಭಿಸಿದ ಮೂರನೆಯ ವರ್ಷ ನಾನು ಸಿದ್ಧಪಡಿಸಿದ ಒಂದು ಮಧ್ಯಂತರ ಅರ್ಜಿ ಅದರಲ್ಲಿ ನಾನೇ ಬರೆದ ಒಂದು ಹೆಸರಿನಿಂದಾಗಿ ಮುಗ್ಗರಿಸಿತು. ಅದು ಅಣ್ಣ ತಮ್ಮಂದಿರ ಪಾಲು ವಿಭಾಗದ ದಾವೆ. ವಿಶ್ವೇಶ್ವರಯ್ಯ ನಾಲೆಯ ನೀರಿನ ಜಮೀನಿನಲ್ಲಿ ಕಬ್ಬು ಕಟಾವಿಗೆ ಬಂದು ನಿಂತಿತ್ತು. ಜಮೀನನ್ನು ಸ್ವಾಧೀನದಲ್ಲಿಟ್ಟುಕೊಂಡಿದ್ದ ಅಣ್ಣ ಹಿಂದಿನ ಎರಡು ಬೆಳೆಗಳ ಲೆಕ್ಕವನ್ನೇ ಕೊಡದೆ ಇದ್ದುದರಿಂದ, ನಮ್ಮ ಕಕ್ಷಿದಾರನಾದ ತಮ್ಮನ ಪರವಾಗಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 40, ನಿಯಮ 1ರ ಅಡಿಯಲ್ಲಿ ರಿಸೀವರ್ (ದಾವೆ ನಡೆಯುವಾಗ ಸ್ವತ್ತನ್ನು ನೋಡಿಕೊಳ್ಳಲು ನ್ಯಾಯಾಲಯ ನೇಮಿಸುವ ವ್ಯಕ್ತಿ) ನೇಮಕವನ್ನು ಕೋರಿದೆವು.

ರಿಸೀವರ್ ನೇಮಕ ಎಷ್ಟು ಕಠಿಣ ಪರಿಹಾರವೆಂಬುದನ್ನು ನಾನು ಚೆನ್ನಾಗಿಯೇ ಓದಿಕೊಂಡಿದ್ದೆ. ಇಂಥ ಅರ್ಜಿಗಳಿಗೆ ಐದು ಒರೆಗಲ್ಲುಗಳನ್ನು ಹಾಕಿಕೊಟ್ಟ ಮದ್ರಾಸ್ ಉಚ್ಚ ನ್ಯಾಯಾಲಯದ ಕೃಷ್ಣಸ್ವಾಮಿ ಚೆಟ್ಟಿ ತೀರ್ಪು ನನ್ನ ಕೈಯಲ್ಲಿತ್ತು. ಸ್ವತ್ತು ಹಾಳಾಗುವ ತುರ್ತು, ದಾವೆಯಲ್ಲಿ ಗೆಲ್ಲುವ ಮೇಲ್ನೋಟದ ಬಲ, ಅರ್ಜಿದಾರನ ನಡತೆ, ಎಲ್ಲಕ್ಕೂ ಉತ್ತರ ಬರೆದುಕೊಂಡಿದ್ದೆ. ಯಾರನ್ನು ನೇಮಿಸಬೇಕು ಎಂಬುದಕ್ಕೆ ಮಾತ್ರ ಟೈಪ್ ಮಾಡಿಸಿದ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಒಂದೂವರೆ ಗೆರೆಯಷ್ಟು ಖಾಲಿ ಜಾಗ ಬಿಟ್ಟಿದ್ದೆ. ಅರ್ಜಿ ಸಲ್ಲಿಸುವ ಬೆಳಿಗ್ಗೆ ಕಕ್ಷಿದಾರ ಮೊಗಸಾಲೆಯಲ್ಲೇ ಒಂದು ಹೆಸರು ಹೇಳಿದ. ಊರಿಗೆ ದೊಡ್ಡವರು, ಕಬ್ಬಿನ ವ್ಯವಹಾರ ಬಲ್ಲವರು, ಆಲೆಮನೆ ನಡೆಸುವವರು. ನಾನು ಪೆನ್ನಿನಿಂದ ಬರೆದೆ.

ವಿಚಾರಣೆಯ ದಿನ ಎದುರು ವಕೀಲರು ಆ ಹಿರಿಯರ ಪ್ರಾಮಾಣಿಕತೆಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಬೇರೊಂದು ಜಮೀನಿನಿಂದ ನಮ್ಮ ಕಕ್ಷಿದಾರನೇ ಆ ಆಲೆಮನೆಗೆ ಕಬ್ಬು ಹಾಕಿದ್ದ ಎರಡು ತೂಕದ ಚೀಟಿಗಳನ್ನು ಮುಂದಿಟ್ಟರು. ಒಂದರ ಬೆನ್ನಿಗೆ, ಕಬ್ಬಿನ ಹಾಲಿನ ಕಲೆಯ ಪಕ್ಕದಲ್ಲಿ, ಆಲೆಮನೆಯವರು ಅವನಿಗೆ ಕೊಟ್ಟ ಮುಂಗಡದ ಮೊತ್ತವನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿತ್ತು. ನ್ಯಾಯಾಧೀಶರು ಕೇಳಿದ್ದು ಒಂದೇ ಪ್ರಶ್ನೆ: "ರಿಸೀವರ್ ಈ ಕಬ್ಬನ್ನು ಯಾರಿಗೆ ಮಾರುತ್ತಾರೆ?" ಮಾರುವವರೂ ಕೊಳ್ಳುವವರೂ ಒಬ್ಬರೇ ಆಗುವ, ಜೊತೆಗೆ ವಾದಿಯಿಂದ ಹಣ ಬರಬೇಕಿರುವ ವ್ಯಕ್ತಿಯನ್ನು ನಾನು ಸೂಚಿಸಿದ್ದೆ.

ರಿಸೀವರ್‌ಗೆ ಇಂಥ ಅರ್ಹತೆ ಇರಬೇಕೆಂದು ಆದೇಶ 40 ಎಲ್ಲಿಯೂ ಪಟ್ಟಿ ಮಾಡುವುದಿಲ್ಲ. ನಾನು ಎಡವಿದ್ದು ಅಲ್ಲಿಯೇ. ಅರ್ಹತೆಯನ್ನು ನಿಯಮ 3ರಲ್ಲಿರುವ ಕರ್ತವ್ಯಗಳಿಂದ ಹಿಮ್ಮುಖವಾಗಿ ಓದಿಕೊಳ್ಳಬೇಕು. ನ್ಯಾಯಾಲಯ ಕೇಳಿದಷ್ಟು ಭದ್ರತೆ ಕೊಡಬೇಕು, ಹೇಳಿದ ಅವಧಿಗೆ ಹೇಳಿದ ನಮೂನೆಯಲ್ಲಿ ಲೆಕ್ಕ ಒಪ್ಪಿಸಬೇಕು, ಬಾಕಿಯನ್ನು ಕಟ್ಟಬೇಕು, ಉದ್ದೇಶಪೂರ್ವಕ ಲೋಪದಿಂದಾಗಲಿ ಘೋರ ನಿರ್ಲಕ್ಷ್ಯದಿಂದಾಗಲಿ ಸ್ವತ್ತಿಗೆ ನಷ್ಟವಾದರೆ ಹೊಣೆ ಹೊರಬೇಕು. ತಪ್ಪಿದರೆ ನಿಯಮ 4ರ ಪ್ರಕಾರ ಅವರ ಸ್ವಂತ ಆಸ್ತಿಯನ್ನೇ ಜಪ್ತಿ ಮಾಡಬಹುದು. ಇಷ್ಟನ್ನು ಹೊರುವವರು ಹೆಸರು ಸೂಚಿಸಿದವರ ಪ್ರತಿನಿಧಿಯಲ್ಲ, ನ್ಯಾಯಾಲಯದ ಅಧಿಕಾರಿ. ಪಕ್ಷಕಾರರಲ್ಲೇ ಒಬ್ಬರನ್ನು ನೇಮಿಸಬಾರದೆಂಬ ಸಂಪೂರ್ಣ ನಿಷೇಧವಿಲ್ಲವಾದರೂ, ಇತರರ ಒಪ್ಪಿಗೆಯೋ ವಿಶೇಷ ಕಾರಣವೋ ಇಲ್ಲದೆ ಹಾಗೆ ಮಾಡಲು ನ್ಯಾಯಾಲಯಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ. ಸರ್ಕಾರಕ್ಕೆ ಕಂದಾಯ ಸಲ್ಲುವ ಭೂಮಿಯಾದರೆ ನಿಯಮ 5ರಂತೆ ಕಲೆಕ್ಟರ್ ಅವರನ್ನೂ ನೇಮಿಸಬಹುದು, ಆದರೆ ಅವರ ಸಮ್ಮತಿ ಬೇಕು. ಮೂರು ಎಕರೆ ಕಬ್ಬಿಗಾಗಿ ಜಿಲ್ಲಾಧಿಕಾರಿಗಳ ಸಮ್ಮತಿ ಕೇಳುವ ಧೈರ್ಯ ನನಗಂತೂ ಇರಲಿಲ್ಲ.

ಬೇರೆ ಹೆಸರು ಸೂಚಿಸಲು ಸಮಯ ಸಿಕ್ಕಿತು. ಆದರೆ ಮಾಗಿದ ಕಬ್ಬು ವಾಯಿದೆಯನ್ನು ಲೆಕ್ಕಿಸುವುದಿಲ್ಲ. ಗದ್ದೆಯಲ್ಲಿ ಸೂಲಂಗಿ (ಕಬ್ಬಿನ ಹೂ) ಮೂಡಿದೆಯೆಂದು ಕಕ್ಷಿದಾರ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ, ಪ್ರತಿ ಕರೆಗೂ ನಾನು ಒಂದಷ್ಟು ಕುಗ್ಗುತ್ತಿದ್ದೆ. ಕೊನೆಗೆ ಎರಡೂ ಕಡೆಗೆ ಸಂಬಂಧವಿಲ್ಲದ ಹಿರಿಯ ವಕೀಲರೊಬ್ಬರ ನೇಮಕವಾಗಿ, ಭದ್ರತೆ, ಸಂಭಾವನೆ, ಲೆಕ್ಕ ಒಪ್ಪಿಸುವ ದಿನ ಎಲ್ಲವೂ ಆದೇಶದಲ್ಲೇ ನಿಗದಿಯಾದವು.

ಈಗ ಅಂಥ ಪ್ರಮಾಣಪತ್ರದಲ್ಲಿ ಖಾಲಿ ಜಾಗ ಬಿಡುವುದಿಲ್ಲ. ಸೂಚಿಸಲಿರುವವರನ್ನು ಕಚೇರಿಗೆ ಕರೆಸಿ, ಯಾವ ಪಕ್ಷಕಾರನ ಜೊತೆ ಯಾವ ಲೇವಾದೇವಿ ಇದೆ, ಈ ಸ್ವತ್ತಿನ ಫಸಲನ್ನಾಗಲಿ ಬಾಡಿಗೆಯನ್ನಾಗಲಿ ತಾವೇ ಪಡೆಯುವ ಸಾಧ್ಯತೆ ಇದೆಯೇ ಎಂದು ಕೇಳಿ, ಉತ್ತರವನ್ನು ಅವರ ಸಹಿಯೊಂದಿಗೆ ಅರ್ಜಿಗೆ ಲಗತ್ತಿಸುತ್ತೇನೆ. ಆ ಆಲೆಮನೆಯ ಹಿರಿಯರು ಮುಂದೊಮ್ಮೆ ಸಿಕ್ಕಾಗ, "ನನ್ನ ಹೆಸರು ಕೋರ್ಟಿನಲ್ಲಿ ಕೂಗಿದರಂತೆ, ನನಗೊಂದು ಮಾತು ಹೇಳಿದ್ದರೆ ಆ ಮುಂಗಡದ ವಿಷಯ ನಾನೇ ಹೇಳುತ್ತಿದ್ದೆನಲ್ಲ ಸ್ವಾಮಿ" ಎಂದರು.